ಹೈಲಕ್ಸ್ ಆಟೋಮ್ಯಾಟಿಕ್‌ಗೆ ಕ್ಯಾರವಾನ್ ಕಟ್ಟಿದಾಗ: ಕೊಪ್ಪಳ, ರಾಯಚೂರು, ಬಳ್ಳಾರಿ ರಸ್ತೆಗಳಲ್ಲಿ ಡೀಸೆಲ್ಲಿನ ಲೆಕ್ಕ

ಟೊಯೋಟಾ ಹೈಲಕ್ಸ್ ಕುರಿತು ಬರುವ ವಿಮರ್ಶೆಗಳಲ್ಲಿ ಅದು ಕೆಸರಿನಲ್ಲಿ ಹೇಗೆ ನಡೆಯುತ್ತದೆ, ಹಿಂದಿನ ತೊಟ್ಟಿಯಲ್ಲಿ ಎಷ್ಟು ಸಾಮಾನು ಹಿಡಿಸುತ್ತದೆ ಎಂಬ ವಿವರಗಳು ಬೇಕಾದಷ್ಟು ಸಿಗುತ್ತವೆ. ಅದರ ಬೆನ್ನಿಗೆ ಒಂದು ಕ್ಯಾರವಾನ್, ಅಂದರೆ ಚಕ್ರದ ಮೇಲಿನ ಸಣ್ಣ ಮನೆ, ಕಟ್ಟಿಕೊಂಡು ಗಂಗಾವತಿಯಿಂದ ಹೊರಟರೆ ಲೀಟರ್ ಡೀಸೆಲ್ಲಿಗೆ ಎಷ್ಟು ದೂರ ಹೋಗಬಹುದು, ಆ ದೂರವನ್ನು ಹೆಚ್ಚಿಸಲು ಚಾಲಕನ ಕೈಯಲ್ಲಿ ಏನಿದೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಹೀಗಾಗಿ ಈ ಬರಹವನ್ನು ಆ ಒಂದು ವಿಷಯಕ್ಕೇ ಮೀಸಲಿಟ್ಟಿದ್ದೇನೆ. ಸೀಟಿನ ಮೆತ್ತೆ, ಸ್ಪೀಕರಿನ ಧ್ವನಿ, ಬಣ್ಣದ ಆಯ್ಕೆ ಇತ್ಯಾದಿಗಳನ್ನು ಬಯಸುವವರು ಬೇರೆ ಕಡೆ ನೋಡಿಕೊಳ್ಳಬೇಕು.

ಮೊದಲು ಗಾಡಿಯ ಮಾತು. 2022ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಈ ಪಿಕಪ್‌ನಲ್ಲಿರುವುದು ಫಾರ್ಚೂನರ್‌ನಲ್ಲಿರುವ ಅದೇ 2.8 ಲೀಟರ್ ಡೀಸೆಲ್ ಇಂಜಿನ್. ಶಕ್ತಿ 204 ಪಿಎಸ್. ಮ್ಯಾನ್ಯುಯಲ್ ಮಾದರಿಯಲ್ಲಿ 420 ನ್ಯೂಟನ್ ಮೀಟರ್ ಇರುವ ಟಾರ್ಕ್ (ಇಂಜಿನ್ನಿನ ತಿರುಗಿಸುವ ಬಲ), ಆಟೋಮ್ಯಾಟಿಕ್‌ನಲ್ಲಿ 500ಕ್ಕೆ ಏರುತ್ತದೆ. ಅದೂ 1,600ರಿಂದ 2,800 ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ನಡುವೆ ಪೂರ್ತಿಯಾಗಿ ಸಿಗುತ್ತದೆ. ಗೇರ್‌ಬಾಕ್ಸ್ ಆರು ಗೇರಿನದು, ಟಾರ್ಕ್ ಕನ್ವರ್ಟರ್ ಇರುವಂಥದ್ದು. ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಗಾಡಿಗಳಿಗೆ ಹೋಲಿಸಿದರೆ ಎಳೆಯುವ ಕೆಲಸಕ್ಕೆ ಇದು ಹೆಚ್ಚು ಸೂಕ್ತ, ಏಕೆಂದರೆ ನಿಂತಲ್ಲಿಂದ ಭಾರವನ್ನು ಹೊರಡಿಸುವಾಗ ಇಲ್ಲಿ ಸವೆಯುವ ಕ್ಲಚ್ ತಟ್ಟೆ ಇಲ್ಲ, ಎಣ್ಣೆಯ ಮೂಲಕವೇ ಬಲ ಸಾಗುತ್ತದೆ. ಆದರೆ ಎಣ್ಣೆಯ ಮೂಲಕ ಸಾಗುವ ಬಲದಲ್ಲಿ ಒಂದು ಪಾಲು ಶಾಖವಾಗಿ ಹೋಗುತ್ತದೆ ಎಂಬುದನ್ನೂ ಇಲ್ಲೇ ಗಮನಿಸಬೇಕು. ಮೈಲೇಜಿನ ಕಥೆ ಶುರುವಾಗುವುದು ಆ ಶಾಖದಿಂದಲೇ.

ನಾನು ಎಳೆಯುವ ಕ್ಯಾರವಾನ್ ಸಾಮಾನು ತುಂಬಿದಾಗ ಸುಮಾರು 1,200 ಕಿಲೋ ತೂಗುತ್ತದೆ. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು ಮಲಗುವಷ್ಟು ಜಾಗ, ಸಣ್ಣ ಅಡುಗೆ ಕಟ್ಟೆ, ನೀರಿನ ಟ್ಯಾಂಕು, ಎರಡು ಚಕ್ರ, ಹಿಚ್ಚಿನ (ಎರಡೂ ಗಾಡಿಗಳನ್ನು ಕೂಡಿಸುವ ಕೊಂಡಿಯ) ತಳ್ಳುವಿಕೆಯಿಂದ ಹಿಡಿಯುವ ಬ್ರೇಕು, ಇಷ್ಟೇ ಅದರ ಸಂಸಾರ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ‘ಮೋಟಾರು ವಾಹನ’ ಎಂಬುದರ ವ್ಯಾಖ್ಯೆಯೊಳಗೆ ಟ್ರೇಲರ್ ಕೂಡ ಬರುವುದರಿಂದ, ಇಂಥದ್ದನ್ನು ಕೊಳ್ಳುವವರು ಅದಕ್ಕೆ ಪ್ರತ್ಯೇಕ ನೋಂದಣಿ ಆಗಿದೆಯೇ ಎಂದು ನೋಡಿಕೊಂಡೇ ಹಣ ಕೊಡುವುದು ಒಳ್ಳೆಯದು.

ಅಂಕಿಗಳನ್ನು ಮೊದಲೇ ಹೇಳಿಬಿಡುತ್ತೇನೆ. ಹಿಂದೆ ಏನೂ ಇಲ್ಲದಾಗ ಹೆದ್ದಾರಿಯಲ್ಲಿ ಈ ಗಾಡಿ ನನಗೆ ಲೀಟರಿಗೆ ಹನ್ನೆರಡರ ಆಸುಪಾಸು ಕೊಡುತ್ತದೆ. ಕ್ಯಾರವಾನ್ ಕಟ್ಟಿ, ಗೇರನ್ನು ಡಿ ಸ್ಥಾನದಲ್ಲಿಟ್ಟು, ತೊಂಬತ್ತರ ವೇಗದಲ್ಲಿ ಹೋದರೆ ಅದು ಆರೂವರೆಗೆ ಇಳಿಯುತ್ತದೆ. ಅದೇ ಕ್ಯಾರವಾನನ್ನು ಎಪ್ಪತ್ತರಿಂದ ಎಪ್ಪತ್ತೈದರ ವೇಗದಲ್ಲಿ, ಮುಂದೆ ವಿವರಿಸುವ ಕ್ರಮದಲ್ಲಿ ಎಳೆದರೆ ಎಂಟೂವರೆ ಸಿಗುತ್ತದೆ. ಇದು ಡ್ಯಾಶ್‌ಬೋರ್ಡಿನ ಪರದೆ ತೋರಿಸುವ ಸಂಖ್ಯೆಯಲ್ಲ; ಒಂದೇ ಬಂಕಿನ ಒಂದೇ ಪಂಪಿನಲ್ಲಿ, ನಳಿಕೆ ತಾನಾಗಿ ನಿಲ್ಲುವವರೆಗೆ ತುಂಬಿಸಿ, ಓಡಿದ ದೂರವನ್ನು ಹಾಕಿದ ಲೀಟರಿನಿಂದ ಭಾಗಿಸಿ ತೆಗೆದದ್ದು. 80 ಲೀಟರ್ ಟ್ಯಾಂಕಿನ ಮೇಲೆ ಈ ವ್ಯತ್ಯಾಸವನ್ನು ಹರಡಿದರೆ 160 ಕಿ.ಮೀ. ಆಗುತ್ತದೆ, ಅಂದರೆ ಗಂಗಾವತಿಯಿಂದ ಸಿಂಧನೂರು, ಮಾನ್ವಿ ದಾಟಿ ರಾಯಚೂರು ಮುಟ್ಟಿ ಇನ್ನೂ ಸ್ವಲ್ಪ ಉಳಿಯುವಷ್ಟು ದೂರ. ಗಾಡಿಗೆ ಒಂದು ರೂಪಾಯಿಯ ಬಿಡಿಭಾಗವನ್ನೂ ಸೇರಿಸದೆ ಸಿಕ್ಕ ಲಾಭವಿದು.

ಕಡಿಮೆ ಆರ್‌ಪಿಎಂ ಎಂದರೆ ಕಡಿಮೆ ಡೀಸೆಲ್ ಎಂಬ ನಂಬಿಕೆ ನಮ್ಮ ಕಡೆಯ ಚಾಲಕರಲ್ಲಿ ಬೇರೂರಿದೆ. ಬರಿಗಾಡಿಗೆ ಅದು ಬಹುಮಟ್ಟಿಗೆ ನಿಜ. ಭಾರ ಎಳೆಯುವಾಗ ಅದೇ ನಂಬಿಕೆ ಜೇಬಿಗೆ ಕತ್ತರಿ ಹಾಕುತ್ತದೆ. ಈ ಗಾಡಿ ಎಪ್ಪತ್ತೈದರ ವೇಗದಲ್ಲಿರುವಾಗ ಆರನೇ ಗೇರಿನಲ್ಲಿ ಇಂಜಿನ್ ಸುಮಾರು 1,200 ಸುತ್ತು ತಿರುಗುತ್ತಿರುತ್ತದೆ. ಐದನೆಯದರಲ್ಲಿ 1,400ರ ಹತ್ತಿರ, ನಾಲ್ಕನೆಯದರಲ್ಲಿ 2,000ದ ಹತ್ತಿರ. ಪೂರ್ಣ ಟಾರ್ಕ್ ಸಿಗುವುದು 1,600ರಿಂದ ಮೇಲೆ ಎಂಬುದನ್ನು ನೆನಪಿಟ್ಟುಕೊಂಡರೆ ಆರನೇ ಗೇರಿನಲ್ಲಿ ಕ್ಯಾರವಾನ್ ಎಳೆಯುವುದು ಎಂಥ ಕೆಲಸ ಎಂದು ತಿಳಿಯುತ್ತದೆ. ಡಿ ಸ್ಥಾನದಲ್ಲಿ ಬಿಟ್ಟರೆ ಗೇರ್‌ಬಾಕ್ಸ್ ಸಮತಟ್ಟಾದಲ್ಲಿ ಆರಕ್ಕೆ ಏರುತ್ತದೆ, ಕಣ್ಣಿಗೂ ಕಾಣದಷ್ಟು ಸಣ್ಣ ಏರು ಬಂದ ಕೂಡಲೇ ಐದಕ್ಕೆ, ಅಲ್ಲಿಂದ ನಾಲ್ಕಕ್ಕೆ ಇಳಿಯುತ್ತದೆ, ಏರು ಮುಗಿದ ಮರುಕ್ಷಣ ಮತ್ತೆ ಆರಕ್ಕೆ ಹಾರುತ್ತದೆ. ಇದು ಈ ಒಂದು ಗಾಡಿಯ ದೋಷವಲ್ಲ. ಬೆನ್ನಿಗೆ ಭಾರವಿದೆ ಎಂಬುದನ್ನು ಕಣ್ಣಾರೆ ನೋಡಲಾಗದ, ಮುಂದಿರುವ ಏರನ್ನು ಊಹಿಸಲಾಗದ ಎಲ್ಲ ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗಳ ಸ್ವಭಾವವೇ ಹಾಗೆ.

ಹಾಗೆ ಏರಿಳಿಯುವ ಪ್ರತಿ ಸಲವೂ ಟಾರ್ಕ್ ಕನ್ವರ್ಟರಿನ ಲಾಕ್‌ಅಪ್ ಬಿಡುತ್ತದೆ. ಲಾಕ್‌ಅಪ್ ಎಂದರೆ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಎಣ್ಣೆಯ ಕೊಂಡಿಯನ್ನು ಬದಿಗಿಟ್ಟು ಎರಡನ್ನೂ ನೇರವಾಗಿ ಬಿಗಿಯುವ ಒಳಗಿನ ಕ್ಲಚ್ಚು. ಅದು ಬಿಗಿದಿರುವಷ್ಟು ಹೊತ್ತು ಆಟೋಮ್ಯಾಟಿಕ್ ಗಾಡಿ ಮ್ಯಾನ್ಯುಯಲ್‌ನಷ್ಟೇ ಮಿತವ್ಯಯಿ. ಬಿಟ್ಟ ಕೂಡಲೇ ಡೀಸೆಲ್ಲಿನ ಒಂದು ಪಾಲು ಗೇರ್‌ಬಾಕ್ಸಿನ ಎಣ್ಣೆಯನ್ನು ಕಾಯಿಸಲು ಹೋಗುತ್ತದೆ. ಅದು ಬಿಗಿದಿದೆಯೋ ಇಲ್ಲವೋ ಎಂದು ತಿಳಿಯಲು ಯಾವ ಯಂತ್ರವೂ ಬೇಡ. ಒಂದೇ ವೇಗದಲ್ಲಿ ಹೋಗುತ್ತಿರುವಾಗ ಆಕ್ಸಿಲರೇಟರನ್ನು ಬೆರಳಿನಗಲದಷ್ಟು ಒತ್ತಿ ಆರ್‌ಪಿಎಂ ಮುಳ್ಳನ್ನು ನೋಡಬೇಕು. ಮುಳ್ಳು ಗಾಡಿಯ ವೇಗದ ಜೊತೆಜೊತೆಗೇ ನಿಧಾನವಾಗಿ ಏರಿದರೆ ಬಿಗಿದಿದೆ ಎಂದರ್ಥ. ವೇಗ ಇದ್ದಲ್ಲೇ ಇದ್ದು ಮುಳ್ಳು ಮಾತ್ರ ಇನ್ನೂರು ಮುನ್ನೂರು ಜಿಗಿದರೆ ಬಿಟ್ಟಿದೆ. ಸ್ವಲ್ಪ ದಿನ ಹೀಗೆ ನೋಡುತ್ತಾ ಓಡಿಸಿದರೆ ಮುಳ್ಳನ್ನು ನೋಡುವ ಅಗತ್ಯವೇ ಇರುವುದಿಲ್ಲ, ಪಾದಕ್ಕೇ ತಿಳಿದುಬಿಡುತ್ತದೆ.

ಇದಕ್ಕೆ ಹೈಲಕ್ಸ್‌ನಲ್ಲಿರುವ ಪರಿಹಾರ ಎಸ್ ಸ್ಥಾನ, ಮತ್ತು ಈ ಗಾಡಿಯನ್ನು ನಾನು ಮೆಚ್ಚಲು ಮುಖ್ಯ ಕಾರಣವೂ ಅದೇ. ಗೇರ್ ಲಿವರನ್ನು ಡಿ ಇಂದ ಎಸ್‌ಗೆ ತಂದು ಐದನ್ನು ಆಯ್ದುಕೊಂಡರೆ ಗಾಡಿ ಐದರಲ್ಲೇ ಅಂಟಿಕೊಂಡು ಕೂರುವುದಿಲ್ಲ; ಒಂದರಿಂದ ಐದರವರೆಗೆ ತಾನೇ ಬದಲಿಸಿಕೊಳ್ಳುತ್ತದೆ, ಆರಕ್ಕೆ ಮಾತ್ರ ಹೋಗುವುದಿಲ್ಲ. ನಾಲ್ಕನ್ನು ಆಯ್ದುಕೊಂಡರೆ ನಾಲ್ಕೇ ಗರಿಷ್ಠ. ಅಂದರೆ ಚಾಲಕ ಗೇರು ಹಾಕುವ ಕೆಲಸವನ್ನು ಮೈಮೇಲೆ ಎಳೆದುಕೊಳ್ಳಬೇಕಾಗಿಲ್ಲ, ಮೇಲಿನ ಮಿತಿಯನ್ನು ಹೇಳಿದರೆ ಸಾಕು. ಸಮತಟ್ಟಾದ ರಸ್ತೆಯಲ್ಲಿ ಐದು, ಉದ್ದ ಏರು ಕಂಡಾಗ ಅದು ಶುರುವಾಗುವ ಮುಂಚೆಯೇ ನಾಲ್ಕು: ನಾನು ಅನುಸರಿಸುವುದು ಇಷ್ಟನ್ನೇ. ಈ ಗೇರ್‌ಬಾಕ್ಸಿನಲ್ಲಿ ನಾಲ್ಕನೆಯದು ಒಂದಕ್ಕೆ ಒಂದರ ನೇರ ಗೇರು. ಎಪ್ಪತ್ತರ ವೇಗದಲ್ಲಿ ಇಂಜಿನ್ ತನ್ನ ಟಾರ್ಕಿನ ನಡುಮಧ್ಯದಲ್ಲಿ ಕುಳಿತಿರುತ್ತದೆ, ಲಾಕ್‌ಅಪ್ ಬಿಗಿದೇ ಇರುತ್ತದೆ. ಶಬ್ದ ಕೊಂಚ ಹೆಚ್ಚು ಎನಿಸುವುದರಿಂದ ಪಕ್ಕದಲ್ಲಿ ಕುಳಿತವರು ಡೀಸೆಲ್ ಸುಡುತ್ತಿದೆ ಎಂದು ಆಕ್ಷೇಪಿಸಬಹುದು. ಬಂಕಿನ ಲೆಕ್ಕ ಬೇರೆಯದನ್ನೇ ಹೇಳುತ್ತದೆ.

ತೋರಣಗಲ್ಲಿನಿಂದ ಸಂಡೂರಿಗೆ ಹೋಗುವ ದಾರಿಯಲ್ಲಿ ಇದು ಚೆನ್ನಾಗಿ ಅನುಭವಕ್ಕೆ ಬರುತ್ತದೆ. ಅದಿರು ತುಂಬಿದ ಲಾರಿಗಳ ಹಿಂದೆ ಗುಡ್ಡ ಹತ್ತುವಾಗ ಹಿಂದಿಕ್ಕುವ ಆಸೆಯನ್ನು ಬಿಟ್ಟು, ನಾಲ್ಕಕ್ಕೋ ಮೂರಕ್ಕೋ ಮಿತಿ ಹಾಕಿ, ಮುಂದಿನ ಲಾರಿಯಿಂದ ಸಾಕಷ್ಟು ಅಂತರ ಬಿಟ್ಟುಕೊಂಡು ಒಂದೇ ಹದದಲ್ಲಿ ಹೋಗಬೇಕು. ಅಂತರ ಬಿಡದೆ ಹತ್ತಿರ ಹೋದರೆ ನಿಲ್ಲುವುದು, ಹೊರಡುವುದು, ಮತ್ತೆ ನಿಲ್ಲುವುದು ಎಂದಾಗಿ ಟಾರ್ಕ್ ಕನ್ವರ್ಟರ್ ಜಾರುತ್ತಲೇ ಇರುತ್ತದೆ, ಎಣ್ಣೆ ಕಾಯುತ್ತದೆ. ಇಳಿಯುವಾಗಲೂ ಅದೇ ಗೇರು. ಇಳುಕಲಿನಲ್ಲಿ ನ್ಯೂಟ್ರಲ್ ಹಾಕಿದರೆ ಡೀಸೆಲ್ ಉಳಿಯುತ್ತದೆ ಎಂಬುದು ಹಳೆಯ ಅಂಬಾಸಡರ್ ಕಾಲದ ಲೆಕ್ಕ; ಈಗಿನ ಇಂಜಿನ್ನುಗಳಲ್ಲಿ ಗೇರಿನಲ್ಲಿದ್ದು ಕಾಲು ತೆಗೆದರೆ ಇಂಧನದ ಸಿಂಪಡಿಕೆಯೇ ನಿಂತುಹೋಗುತ್ತದೆ, ನ್ಯೂಟ್ರಲ್ ಹಾಕಿದರೆ ಇಂಜಿನ್ ಉರಿಯುತ್ತಿರಲು ಡೀಸೆಲ್ ಬೇಕೇ ಬೇಕು. ಹಿಂದೆ ಸಾವಿರಕ್ಕೂ ಹೆಚ್ಚು ಕಿಲೋ ತಳ್ಳುತ್ತಿರುವಾಗ ನ್ಯೂಟ್ರಲ್ ಹಾಕುವುದು ಪ್ರಾಣಕ್ಕೇ ಅಪಾಯ ಎಂಬುದನ್ನಂತೂ ಬಿಡಿಸಿ ಹೇಳಬೇಕಾಗಿಲ್ಲ.

ವೇಗದ ವಿಷಯದಲ್ಲಿ ರಾಜಿ ಸಾಧ್ಯವಿಲ್ಲ. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಎಪ್ಪತ್ತರಿಂದ ತೊಂಬತ್ತಕ್ಕೆ ಹೋದರೆ ಅದು ಸುಮಾರು ಶೇ. 65ರಷ್ಟು ಹೆಚ್ಚುತ್ತದೆ. ಹೈಲಕ್ಸ್‌ನ ಎತ್ತರ 1.8 ಮೀಟರ್, ಕ್ಯಾರವಾನಿನ ಮುಂಗೋಡೆ ಅದಕ್ಕಿಂತ ಎರಡಡಿ ಮೇಲಕ್ಕೆ ನಿಂತಿರುತ್ತದೆ, ಅಗಲವೂ ಹೆಚ್ಚು. ಪಿಕಪ್ ಆದ್ದರಿಂದ ಕ್ಯಾಬಿನ್ ದಾಟಿದ ಗಾಳಿ ತೆರೆದ ತೊಟ್ಟಿಯ ಮೇಲೆ ಇಳಿದು ನೇರವಾಗಿ ಆ ಗೋಡೆಗೆ ಅಪ್ಪಳಿಸುತ್ತದೆ. ಇದಕ್ಕೆ ಸೇರಿಕೊಳ್ಳುವುದು ನಮ್ಮ ಸೀಮೆಯ ಗಾಳಿ. ಗದಗ, ಕೊಪ್ಪಳದ ಬಯಲುಗಳಲ್ಲಿ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಪಶ್ಚಿಮದ ಗಾಳಿ ಬೀಸುವಾಗ ರಾಷ್ಟ್ರೀಯ ಹೆದ್ದಾರಿ 67ರಲ್ಲಿ ಬಳ್ಳಾರಿಯಿಂದ ಕೊಪ್ಪಳದ ಕಡೆ ಬರುವವರು ಅದಕ್ಕೆ ಎದೆಯೊಡ್ಡಿಯೇ ಬರಬೇಕು. ಎದುರುಗಾಳಿ ಗಂಟೆಗೆ ಇಪ್ಪತ್ತೈದು ಕಿ.ಮೀ. ಇದ್ದರೆ ಎಪ್ಪತ್ತರಲ್ಲಿ ಹೋಗುವ ಕ್ಯಾರವಾನಿಗೆ ತೊಂಬತ್ತೈದರ ಗಾಳಿ ತಾಗುತ್ತದೆ. ಆಷಾಢದಲ್ಲಿ ಹೀಗೆ ಬಂದಾಗ ಮೈಲೇಜ್ ಕುಸಿದರೆ ಇಂಜಿನ್ನನ್ನು ಬೈಯುವಂತಿಲ್ಲ. ಬೆಳಗಿನ ಜಾವ ಗಾಳಿ ಕಡಿಮೆ ಇರುವಾಗ ಹೊರಟರೆ ಒಂಬತ್ತರೊಳಗೆ ಬಹುಪಾಲು ದಾರಿ ಮುಗಿದಿರುತ್ತದೆ. ರಾತ್ರಿಯೇ ಹೊರಡಬಹುದಲ್ಲ ಎನ್ನುವವರು ಕಾರಟಗಿಯ ಆಚೆ ಹಿಂಬದಿ ದೀಪವಿಲ್ಲದೆ ಹೋಗುವ ಟ್ರ್ಯಾಕ್ಟರ್ ಟ್ರೇಲರುಗಳನ್ನು ಒಮ್ಮೆ ನೋಡಿದರೆ ಸಾಕು.

ವೇಗವನ್ನು ತಾನೇ ಒಂದೇ ಮಟ್ಟದಲ್ಲಿಡುವ ಕ್ರೂಸ್ ಕಂಟ್ರೋಲ್ ಬಗ್ಗೆ ಒಂದು ಮಾತು. ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಕುಷ್ಟಗಿಯತ್ತ ಹೋಗುವಾಗ ರಸ್ತೆ ಅಲೆಯಲೆಯಾಗಿ ಏರಿ ಇಳಿಯುತ್ತದೆ. ಕ್ರೂಸ್ ಕಂಟ್ರೋಲ್ ಹಾಕಿದರೆ ಗಾಡಿ ಪ್ರತಿ ಏರಿನಲ್ಲೂ ಹಟಕ್ಕೆ ಬಿದ್ದಂತೆ ಅದೇ ವೇಗವನ್ನು ಉಳಿಸಿಕೊಳ್ಳಲು ಗೇರು ಇಳಿಸಿ ಡೀಸೆಲ್ ಸುರಿಯುತ್ತದೆ. ಅದನ್ನು ಬಂದ್ ಮಾಡಿ, ಏರಿನಲ್ಲಿ ವೇಗ ಅರವತ್ತೈದಕ್ಕೆ ಇಳಿದರೆ ಇಳಿಯಲಿ ಎಂದು ಬಿಟ್ಟು, ಇಳಿಜಾರಿನಲ್ಲಿ ತಾನಾಗಿ ಎಪ್ಪತ್ತೈದಕ್ಕೆ ಬರಲು ಅವಕಾಶ ಕೊಡುವುದೇ ಲಾಭ. ಇಕೋ ಮೋಡ್ ಸಮತಟ್ಟಿನಲ್ಲಿ ಪಾದದ ದುಡುಕನ್ನು ತಡೆಯುತ್ತದೆ, ಏರಿನಲ್ಲಿ ಅದರಿಂದ ಏನೂ ಸಿಗುವುದಿಲ್ಲ. ನಾಲ್ಕೂ ಚಕ್ರಗಳಿಗೆ ಬಲ ಕೊಡುವ ಸ್ಥಿತಿಯನ್ನು ಡಾಂಬರು ರಸ್ತೆಯಲ್ಲಿ ಬಳಸಲೇಬಾರದು. ಕೆಸರಿದ್ದರೆ, ಮರಳಿದ್ದರೆ ಮಾತ್ರ.

ಇನ್ನು ಕ್ಯಾರವಾನಿನ ವಿಚಾರ. ಮೈಲೇಜಿನ ಅರ್ಧ ಸಮಸ್ಯೆ ಎಳೆಯುವ ಗಾಡಿಯಲ್ಲಲ್ಲ, ಎಳೆಸಿಕೊಳ್ಳುವ ಗಾಡಿಯಲ್ಲಿರುತ್ತದೆ. ನನ್ನದನ್ನು ಕಟ್ಟಿಕೊಟ್ಟ ಫ್ಯಾಬ್ರಿಕೇಷನ್ ಶೆಡ್ಡಿನವರು ಹೆಸರು ಹೇಳಬೇಕಾದಷ್ಟು ಕೆಟ್ಟ ಕೆಲಸವನ್ನೇನೂ ಮಾಡಿಲ್ಲ, ಆದರೆ ನೂರು ಲೀಟರಿನ ನೀರಿನ ಟ್ಯಾಂಕನ್ನು ಚಕ್ರದ ಅಚ್ಚಿಗಿಂತ ಹಿಂದೆ, ಬಾಲದ ತುದಿಯಲ್ಲಿ ಇಟ್ಟಿದ್ದರು. ಟ್ಯಾಂಕು ತುಂಬಿದರೆ ನೂರು ಕಿಲೋ ಹಿಂದಕ್ಕೆ ಜಗ್ಗಿ ಮುಂದಿನ ಮೂತಿ ಹಗುರಾಗುತ್ತದೆ, ಕ್ಯಾರವಾನ್ ಬಾಲ ಅಲ್ಲಾಡಿಸತೊಡಗುತ್ತದೆ. ಹಾಗೆ ಅಲ್ಲಾಡುವ ಕ್ಯಾರವಾನನ್ನು ಹಿಡಿತದಲ್ಲಿಡಲು ಚಾಲಕ ಒಮ್ಮೆ ಕಾಲೆತ್ತಿ ಒಮ್ಮೆ ಒತ್ತಿ ಮಾಡುವುದರಲ್ಲೇ ಡೀಸೆಲ್ ಹೋಗುತ್ತದೆ. ಹಿಚ್ಚಿನ ಮೇಲೆ ಬೀಳುವ ಮೂತಿಯ ಭಾರ ಕ್ಯಾರವಾನಿನ ಒಟ್ಟು ತೂಕದ ಶೇ. 5ರಿಂದ 10ರೊಳಗೆ ಇರಬೇಕೆಂಬುದು ಹಲವೆಡೆ ಒಪ್ಪಿರುವ ಅಂದಾಜು. 1,200 ಕಿಲೋಗೆ ಶೇ. 7 ಎಂದರೆ 84 ಕಿಲೋ.

ಇದನ್ನು ಅಳೆಯಲು ಗಂಗಾವತಿಯಂಥ ಊರಿನಲ್ಲಿ ಯಾವ ಕಷ್ಟವೂ ಇಲ್ಲ, ಅಕ್ಕಿ ಗಿರಣಿಗಳಿರುವ ಕಡೆಯೆಲ್ಲ ಲಾರಿ ತೂಗುವ ಕಾಟಾ ಇದ್ದೇ ಇರುತ್ತದೆ. ಕಾಟಾದ ಮೇಲೆ ಮೊದಲು ಎರಡೂ ಗಾಡಿಗಳನ್ನು ಒಟ್ಟಿಗೆ ನಿಲ್ಲಿಸಿ, ಆಮೇಲೆ ಪಿಕಪ್ ಹೊರಗೆ ಉಳಿಯುವಂತೆ ಕ್ಯಾರವಾನಿನ ಚಕ್ರಗಳನ್ನು ಮಾತ್ರ ಇರಿಸಿ, ಕೊನೆಗೆ ಕ್ಯಾರವಾನನ್ನು ಕಳಚಿ ಅದೊಂದನ್ನೇ ತೂಗಿದರೆ ಲೆಕ್ಕ ತಾನಾಗಿ ಬಿಡಿಸಿಕೊಳ್ಳುತ್ತದೆ. ಲಾರಿ ಕಾಟಾ ಹತ್ತು ಇಪ್ಪತ್ತು ಕಿಲೋದ ಸೂಕ್ಷ್ಮವನ್ನು ನಂಬುವಂತೆ ತೋರಿಸದ ಕಾರಣ, ಮೂತಿಯ ಭಾರವನ್ನು ಮಾತ್ರ ಚೀಲ ತೂಗುವ ಸಣ್ಣ ತಕ್ಕಡಿಯ ಮೇಲೆ, ಹಿಚ್ಚಿನ ಎತ್ತರಕ್ಕೆ ಒಂದು ಮರದ ತುಂಡನ್ನು ಆನಿಸಿ ನೋಡುವುದು ಮೇಲು. “ಏನ್ರಿ ಸರ, ನೆಲ್ಲು ತೂಗೋ ಕಾಟಾದಾಗ ಮನಿ ತೂಗಸಾಕ ಬಂದೀರಲ್ಲ” ಎಂದು ಗಿರಣಿಯ ಹುಡುಗ ನಕ್ಕನಾದರೂ ಮೂರೂ ಚೀಟಿಗಳನ್ನು ಶ್ರದ್ಧೆಯಿಂದ ಬರೆದುಕೊಟ್ಟ. ಬ್ಯಾಟರಿಯನ್ನೂ ಗ್ಯಾಸ್ ಸಿಲಿಂಡರನ್ನೂ ಮುಂದಕ್ಕೆ ತಂದು, ನೀರಿನ ಟ್ಯಾಂಕನ್ನು ಖಾಲಿ ಮಾಡಿಕೊಂಡು ಹೊರಟು ತಲುಪಿದ ಊರಿನಲ್ಲೇ ತುಂಬಿಸಿಕೊಳ್ಳುವ ರೂಢಿ ಮಾಡಿಕೊಂಡ ಮೇಲೆ ಬಾಲದ ಆಟ ನಿಂತಿತು. ಆನೆಗೊಂದಿಗೋ ಮುನಿರಾಬಾದಿಗೋ ಹೋಗುವವರು ತುಂಗಭದ್ರೆಯ ದಡಕ್ಕೆ ಮನೆಯಿಂದ ನೂರು ಲೀಟರ್ ನೀರು ಹೊತ್ತುಕೊಂಡು ಹೋಗುವುದರಲ್ಲಿ ಅರ್ಥವೂ ಇಲ್ಲ.

ಚಕ್ರದ ಹಬ್ಬುಗಳನ್ನು (ನಡುವಿನ ಗುಂಬಗಳನ್ನು) ಮುಟ್ಟಿ ನೋಡುವ ಅಭ್ಯಾಸ ಬಹಳ ಉಪಯೋಗಕ್ಕೆ ಬಂದಿದೆ. ಇಪ್ಪತ್ತು ಮೂವತ್ತು ಕಿ.ಮೀ. ಓಡಿದ ಬಳಿಕ, ಬ್ರೇಕು ಹೆಚ್ಚು ಬಳಸದೆ ನಿಧಾನವಾಗಿ ನಿಲ್ಲಿಸಿ, ಎರಡೂ ಹಬ್ಬುಗಳ ಹತ್ತಿರ ಅಂಗೈಯ ಹಿಂಬದಿಯನ್ನು ಒಯ್ಯಬೇಕು. ಎರಡೂ ಒಂದೇ ಬಗೆಯಲ್ಲಿ ಬೆಚ್ಚಗಿದ್ದರೆ ಸರಿ. ಒಂದು ಬೆಚ್ಚಗಿದ್ದು ಇನ್ನೊಂದು ಕೈ ಇಡಲಾಗದಷ್ಟು ಸುಡುತ್ತಿದ್ದರೆ ಅಲ್ಲಿ ಬ್ರೇಕ್ ಶೂ ಕಚ್ಚಿಕೊಂಡಿದೆ, ಇಲ್ಲವೇ ಬೇರಿಂಗಿನ ಗ್ರೀಸ್ ಒಣಗಿದೆ. ನನ್ನದರ ಎಡಗಡೆಯ ಶೂ ಹೊಸದರಲ್ಲೇ ಹಾಗೆ ಕಚ್ಚಿಕೊಂಡಿತ್ತು. ಬಳ್ಳಾರಿಯ ಒಬ್ಬ ಟ್ರೇಲರ್ ಮೆಕ್ಯಾನಿಕ್ ಅರ್ಧ ಗಂಟೆಯಲ್ಲಿ ಅದನ್ನು ಹದಕ್ಕೆ ತಂದರು. ಬ್ರೇಕ್ ಒತ್ತಿಕೊಂಡೇ ಓಡುವ ಗಾಡಿಗೆ ಎಷ್ಟು ಡೀಸೆಲ್ ಹಾಕಿದರೂ ಸಾಲದು. ಟೈರಿನ ಗಾಳಿಯನ್ನು ಬೆಳಿಗ್ಗೆ, ಟೈರು ತಣ್ಣಗಿರುವಾಗ ನೋಡಬೇಕು: ಪಿಕಪ್‌ನ ಹಿಂದಿನ ಟೈರುಗಳಿಗೆ ಬಾಗಿಲ ಪಕ್ಕದ ಚೀಟಿಯಲ್ಲಿ ಪೂರ್ಣ ಭಾರಕ್ಕೆ ಹೇಳಿರುವಷ್ಟು, ಕ್ಯಾರವಾನಿನ ಟೈರುಗಳಿಗೆ ಆ ಟೈರಿನ ತಯಾರಕರು ಆ ತೂಕಕ್ಕೆ ಹೇಳಿರುವಷ್ಟು. ರಾಯಚೂರಿನ ಬೇಸಿಗೆಯಲ್ಲಿ ನಡುದಾರಿಯಲ್ಲಿ ಅಳೆದು, ಗಾಳಿ ಹೆಚ್ಚಾಗಿದೆ ಎಂದು ಬಿಡುವವರಿದ್ದಾರೆ. ಅದು ಬಿಸಿಯಿಂದ ಏರಿದ ಒತ್ತಡ. ಅದನ್ನು ಬಿಟ್ಟರೆ ಮರುದಿನ ಬೆಳಿಗ್ಗೆ ಟೈರು ಮೆತ್ತಗಾಗಿ ಮೈಲೇಜೂ ಹೋಗುತ್ತದೆ, ಟೈರೂ ಹೋಗುತ್ತದೆ.

ಸಿಂಧನೂರು ರಸ್ತೆಯ ಹಂಪುಗಳಿಗೆ ಮಾತ್ರ ಯಾವ ಉಪಾಯವೂ ಪೂರ್ತಿ ನಾಟುವುದಿಲ್ಲ. ಊರಿಗೊಂದಾದರೂ ಹಂಪು ಇದ್ದೇ ಇರುತ್ತದೆ, ಎರಡೂ ಗಾಡಿ ಸೇರಿ ಮೂರು ಟನ್ನಿಗೂ ಹೆಚ್ಚಿನ ತೂಕವನ್ನು ಪ್ರತಿ ಊರಿನಲ್ಲೂ ಹೊಸದಾಗಿ ಓಡಿಸಬೇಕಾಗುತ್ತದೆ. ದೂರದಿಂದಲೇ ಕಾಲೆತ್ತಿ, ಬ್ರೇಕ್ ಮುಟ್ಟದೆ ವೇಗ ಇಳಿಸಿ, ದಾಟಿದ ಮೇಲೆ ಆಕ್ಸಿಲರೇಟರನ್ನು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಒತ್ತದೆ ಸಾವಕಾಶವಾಗಿ ಮೇಲೆ ತರುವುದಷ್ಟೇ ನಮ್ಮ ಕೈಯಲ್ಲಿದೆ. ಪೂರ್ತಿ ಒತ್ತಿದರೆ ಗಾಡಿ ಎರಡು ಗೇರು ಕೆಳಗಿಳಿದು ಅಬ್ಬರಿಸುತ್ತದೆ. ಹಿಂದಿಕ್ಕುವಾಗ ಆ ಗುಣ ಬೇಕು, ಹಂಪು ದಾಟಿದ ಮೇಲೆ ಬೇಡ.

ಮೈಲೇಜ್ ಹೆಚ್ಚಿಸುತ್ತೇವೆ ಎಂದು ಮಾರುವ ಸಾಮಾನುಗಳ ಪೈಕಿ ಡೀಸೆಲ್ ಪೈಪಿಗೆ ಕಟ್ಟುವ ಅಯಸ್ಕಾಂತದ ಬಗ್ಗೆ ಬರೆದು ಓದುಗರ ಸಮಯ ಕಳೆಯುವುದಿಲ್ಲ. ಆಕ್ಸಿಲರೇಟರಿಗೆ ಜೋಡಿಸುವ ಪೆಟ್ಟಿಗೆ ಇಂಜಿನ್ನಿನ ಶಕ್ತಿಯನ್ನು ಹೆಚ್ಚಿಸುವುದಿಲ್ಲ, ಅದೇ ಶಕ್ತಿಯನ್ನು ಬೇಗ ಕೇಳುತ್ತದೆ ಅಷ್ಟೆ; ಎಳೆಯುವ ಗಾಡಿಗೆ ಬೇಕಾದದ್ದು ಅದರ ತದ್ವಿರುದ್ಧ. ಇಂಜಿನ್ನಿನ ತಂತ್ರಾಂಶ ಬದಲಿಸಿಕೊಡುವವರು ಮಾಡುವುದರಿಂದ ವಾರಂಟಿಗೆ ಕುತ್ತು ಬರುತ್ತದೆ, ಈಗಾಗಲೇ ಕಾಯ್ದಿರುವ ಗೇರ್‌ಬಾಕ್ಸ್ ಇನ್ನಷ್ಟು ಕಾಯುತ್ತದೆ. ಖರ್ಚು ಮಾಡಲೇಬೇಕೆಂದಿದ್ದರೆ ತೊಟ್ಟಿಯ ಮೇಲೆ ಗಟ್ಟಿಯಾದ ಕ್ಯಾನೊಪಿ (ಮುಚ್ಚಿಗೆ) ಹಾಕಿಸಬಹುದು. ಕ್ಯಾಬಿನ್ನಿನಿಂದ ಬರುವ ಗಾಳಿಯನ್ನು ಕ್ಯಾರವಾನಿನ ಮೇಲಕ್ಕೆ ಸ್ವಲ್ಪವಾದರೂ ದಾಟಿಸುತ್ತದೆ, ಸಾಮಾನಿಗೆ ಮಳೆಯಿಂದ ರಕ್ಷಣೆಯೂ ಆಗುತ್ತದೆ. ಗೇರ್‌ಬಾಕ್ಸಿನ ಎಣ್ಣೆಯ ವಿಷಯದಲ್ಲಂತೂ ಕಂಜೂಸುತನ ಸಲ್ಲದು: ಭಾರ ಎಳೆಯುವುದು ಕಠಿಣ ಬಳಕೆಯ ಲೆಕ್ಕಕ್ಕೆ ಬರುವುದರಿಂದ ಸಾಮಾನ್ಯ ಅವಧಿಗಿಂತ ಮೊದಲೇ ಬದಲಿಸಬೇಕು, ಕಂಪನಿ ಹೇಳಿದ ದರ್ಜೆಯದನ್ನೇ ಹಾಕಿಸಬೇಕು, ಜೀವಮಾನವಿಡೀ ಬದಲಿಸಬೇಕಾಗಿಲ್ಲ ಎನ್ನುವವರ ಮಾತನ್ನು ಕೇಳಬಾರದು. ತೆಗೆದ ಎಣ್ಣೆಯನ್ನು ಒಮ್ಮೆ ಮೂಸಿ ನೋಡುವುದು ಒಳ್ಳೆಯದು. ಸುಟ್ಟ ವಾಸನೆ ಬಂದರೆ ಎಳೆಯುವ ಕ್ರಮದಲ್ಲೇ ಏನೋ ತಪ್ಪಿದೆ.

ಮ್ಯಾನ್ಯುಯಲ್ ಕೊಂಡರೆ ಇನ್ನೂ ಉಳಿತಾಯವಲ್ಲವೇ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟು. ಹೆದ್ದಾರಿಯಲ್ಲಿ ಲಾಕ್‌ಅಪ್ ಬಿಗಿದಿರುವಾಗ ಎರಡರ ನಡುವಿನ ಅಂತರ ತೀರಾ ಕಡಿಮೆ. ಊರೊಳಗೆ, ಹಂಪುಗಳಲ್ಲಿ ಮ್ಯಾನ್ಯುಯಲ್ ಕೊಂಚ ಮುಂದಿರಬಹುದು. ಆದರೆ ಏರಿನಲ್ಲಿ ನಿಂತ ಕ್ಯಾರವಾನನ್ನು ಹೊರಡಿಸುವಾಗ ಕ್ಲಚ್ಚಿನ ಸವೆತ, 80 ನ್ಯೂಟನ್ ಮೀಟರ್ ಕಡಿಮೆ ಟಾರ್ಕ್, ಹಿಮ್ಮುಖವಾಗಿ ಇಕ್ಕಟ್ಟಿನ ಜಾಗಕ್ಕೆ ಕ್ಯಾರವಾನನ್ನು ತೂರಿಸುವಾಗಿನ ಪರದಾಟ, ಇವನ್ನೆಲ್ಲ ಸೇರಿಸಿದರೆ ನಾನು ಆಟೋಮ್ಯಾಟಿಕ್ ಅನ್ನೇ ಆಯ್ದುಕೊಳ್ಳುತ್ತೇನೆ. ವರ್ಷಕ್ಕೊಮ್ಮೆ ಮಾತ್ರ ಎಳೆಯುವವರು, ಅಥವಾ ಐನೂರು ಆರುನೂರು ಕಿಲೋದ ಸಣ್ಣ ಟ್ರೇಲರ್ ಇರುವವರು ಈ ಗಾಡಿಗೆ ಇಷ್ಟೊಂದು ಹಣ ಹಾಕಬೇಕಾಗಿಲ್ಲ. ಗಾಡಿ ನೋಡಲು ಹೋದವರು ಶೋರೂಮಿನಲ್ಲಿ ಬರಿಗಾಡಿ ಓಡಿಸಿ ತೃಪ್ತರಾಗದೆ, ಎಸ್ ಸ್ಥಾನಕ್ಕೆ ಹಾಕಿ ನಾಲ್ಕು, ಐದರ ಮಿತಿಯಲ್ಲಿ ಒಂದಷ್ಟು ದೂರ ಓಡಿಸಿ ಆ ಶಬ್ದ ತಮಗೆ ಒಗ್ಗುತ್ತದೆಯೇ ಎಂದು ನೋಡಿಕೊಳ್ಳಲಿ. ಕ್ಯಾರವಾನ್ ಕಟ್ಟಿದ ಮೇಲೆ ಬಹುಪಾಲು ದಾರಿಯಲ್ಲಿ ಕೇಳಿಸುವುದು ಅದೇ.